ಅಪ್ಪನ ಕೈಬರಹ ಟ್ಯಾಟೂ ಹಾಕಿಸ್ಕೋಬೇಕು ಅಂತಿದೀನಿ, ಮೊದಲು ಏನೇನು ನೋಡ್ಕೋಬೇಕು?

ನೀಲಿಪೆನ್ನು:

ಎಲ್ಲರಿಗೂ ನಮಸ್ಕಾರ. ವಯಸ್ಸು 24, ಇದು ನನ್ನ ಮೊದಲ ಟ್ಯಾಟೂ.

ಅಪ್ಪ ತೀರಿಕೊಂಡು ಒಂದೂವರೆ ವರ್ಷ ಆಯ್ತು. ಅವರಿಗೆ ಫೋನಲ್ಲಿ ಮೆಸೇಜ್ ಮಾಡೋ ಅಭ್ಯಾಸವೇ ಇರ್ಲಿಲ್ಲ. ಏನೇ ಹೇಳೋದಿದ್ರೂ ಚೀಟಿ ಬರೆದು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗೋರು. ಅಂಥದ್ದೊಂದು ಚೀಟಿ ನನ್ನ ಪರ್ಸಲ್ಲಿ ಉಳ್ಕೊಂಡಿದೆ. ಯಾವುದೋ ಸಮಾರಂಭಕ್ಕೆ ಅಪ್ಪ ಅಮ್ಮ ಮುಂಚೆ ಹೊರಟಿದ್ದ ದಿನದ್ದು. "ಬೀಗದಕೈ ಪಕ್ಕದ ಮನೇಲಿದೆ. ಬೇಗ ಬಾ." ಅಷ್ಟೇ. ಅಪ್ಪ ಪೂರ್ಣವಿರಾಮ ಒತ್ತಿ ಇಡೋರು, ಚೀಟಿ ತಿರುಗಿಸಿ ಬೆರಳಾಡಿಸಿದ್ರೆ ಆ ಚುಕ್ಕೆ ಉಬ್ಬಿರೋದು ಈಗಲೂ ಗೊತ್ತಾಗುತ್ತೆ.

ಅದರಲ್ಲಿ "ಬೇಗ ಬಾ" ಅನ್ನೋದನ್ನ ಮಣಿಕಟ್ಟಿನ ಒಳಗಡೆ, ಚೀಟಿಲಿರೋ ಅಳತೆಲೇ, ತೆಳ್ಳಗಿನ ಗೆರೆಲಿ ಹಾಕಿಸ್ಕೋಬೇಕು ಅಂತ ಆಸೆ. ಪಕ್ಕದಲ್ಲಿ ಒಂದು ಪುಟ್ಟ ಕೆಂಪು ಹೂವು. ಗೆಳತಿಗೆ ಪರಿಚಯದವರೊಬ್ಬರು ಮನೆಗೇ ಮಷಿನ್ ತಂದು ಹಾಕಿಕೊಡ್ತಾರಂತೆ, ಬರೋ ಭಾನುವಾರ. ನೋವಿನ ಬಗ್ಗೆ ಭಯ ಇಲ್ಲ. ಬೇರೆ ಏನಾದ್ರೂ ಯೋಚನೆ ಮಾಡ್ಬೇಕಾ?

*

ದೈರ್ಯಲಕ್ಷ್ಮಿ:

ಮೊದಲು ನನ್ನ ಹೆಸರಿನ ಕಥೆ ಹೇಳಿಬಿಡ್ತೀನಿ. ಇಲ್ಲಿ ಬರೆದಾಗಲೆಲ್ಲ ಯಾರಾದ್ರೂ "ಮೇಡಂ, ಧ ಮಹಾಪ್ರಾಣ ಆಗ್ಬೇಕು" ಅಂತ ತಿದ್ದೋಕೆ ಬರ್ತಾರೆ. ಗೊತ್ತಪ್ಪಾ. ಆ ತಪ್ಪು 17 ವರ್ಷದಿಂದ ನನ್ನ ಎಡಗೈ ಮೇಲೇ ಇದೆ.

21ನೇ ವಯಸ್ಸಲ್ಲಿ "ಧೈರ್ಯ" ಅಂತ ಹಾಕಿಸ್ಕೊಳ್ಳೋಕೆ ಹೋದೆ. ಹಾಕೋನಿಗೆ ಕನ್ನಡ ಓದೋಕೆ ಬರ್ತಿರ್ಲಿಲ್ಲ. ಕಂಪ್ಯೂಟರಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆದ್ರೆ ಅರ್ಕಾವತ್ತು ಮಾಯ, ರ ಒಂದು ಕಡೆ, ಯ ಒಂದು ಕಡೆ, ನಡುವೆ ಗಾಳಿ. ನಮ್ಮ ಒತ್ತಕ್ಷರ ಜೋಡಿಸೋಕೆ ಬಾರದ ಚಿತ್ರದ ಸಾಫ್ಟ್‌ವೇರ್‌ಗಳು ಆಗ ಬೇಕಾದಷ್ಟಿದ್ವು, ಈಗಲೂ ಪೂರ್ತಿ ಹೋಗಿಲ್ಲ. ನಾನು ಪೆನ್ನಲ್ಲಿ ಅರ್ಕಾವತ್ತು ಬರೆದು ತೋರಿಸಿದೆ, ಅವನು ಸ್ಟೆನ್ಸಿಲ್ (ಚರ್ಮಕ್ಕೆ ಅಚ್ಚೊತ್ತೋ ಹಾಳೆ) ಮೇಲೆ ಕೈಯಲ್ಲೇ ತಿದ್ದಿದ. ಅಬ್ಬಾ, ಸರಿಹೋಯ್ತಲ್ಲ ಅನ್ನೋ ಸಂಭ್ರಮದಲ್ಲಿ ಮೊದಲಕ್ಷರ ಯಾರೂ ನೋಡ್ಲೇ ಇಲ್ಲ. ಮೂರನೇ ದಿನ ತಮ್ಮ ನೋಡಿ "ಅಕ್ಕಾ, ಧೈರ್ಯಕ್ಕೆ ಪ್ರಾಣವೇ ಇಲ್ವಲ್ಲೇ" ಅಂದ.

ಅಲ್ಲಿಗೆ ಮುಗೀಲಿಲ್ಲ. ಮುಂದಿನ ವರ್ಷ ಇನ್ನೊಬ್ಬರ ಹತ್ರ ಹೋಗಿ ದ ಅಡಿಯಲ್ಲಿ ಆ ಸಣ್ಣ ಗೀಟು ಸೇರಿಸ್ಕೊಂಡು ಬಂದೆ. ಒಂದಷ್ಟು ವರ್ಷ ಧೈರ್ಯವಾಗೇ ಇತ್ತು. ಆಮೇಲೆ ಗೆರೆಗಳು ನಿಧಾನಕ್ಕೆ ದಪ್ಪ ಆಗ್ತಾ ಬಂದು ಗೀಟು ಅಕ್ಷರದ ಹೊಟ್ಟೆಯೊಳಗೇ ಕರಗಿಹೋಯ್ತು. ಈಗ ಮತ್ತೆ ದೈರ್ಯ. ಇರ್ಲಿ ಅಂತ ಹೆಸರೂ ಅದನ್ನೇ ಇಟ್ಕೊಂಡೆ.

ಈ ಗೆರೆ ದಪ್ಪ ಆಗೋದೇ ನಿನ್ನ ವಿಷಯದಲ್ಲಿ ಮುಖ್ಯ. ಚರ್ಮದ ಮೇಲಿನ ಪದರ ವಾರಗಳ ಲೆಕ್ಕದಲ್ಲಿ ಉದುರಿ ಹೊಸದಾಗ್ತಾ ಇರುತ್ತೆ. ಇಂಕ್ ಕೂರೋದು ಅದರ ಕೆಳಗಿನ ಪದರದಲ್ಲಿ, ಒಂದೂವರೆ ಎರಡು ಮಿಲಿಮೀಟರ್ ಆಳದಲ್ಲಿ. ಅಲ್ಲಿ ಅದು ಸುಮ್ಮನೆ ಬಿದ್ದಿರಲ್ಲ. ಮೈಯೊಳಗೆ ಕಸ ಗುಡಿಸೋ ಜೀವಕಣಗಳಿರ್ತವಲ್ಲ, ಅವು ಇಂಕನ್ನ ನುಂಗಿ ಕೂತಿರ್ತವೆ. ಒಂದು ಕಣ ಸತ್ತರೆ ಬಿಟ್ಟುಹೋದ ಇಂಕನ್ನ ಪಕ್ಕದ್ದು ನುಂಗುತ್ತೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ಇದನ್ನ ತೋರಿಸಿದ್ರು. ಟ್ಯಾಟೂ ಉಳಿಯೋದು ಈ ಕೈಬದಲಿನಿಂದ. ಆದ್ರೆ ವರ್ಷಗಳು ಕಳೆದ ಹಾಗೆ ಇಂಕ್ ಅಷ್ಟಿಷ್ಟು ಅಕ್ಕಪಕ್ಕಕ್ಕೆ ಸರಿಯುತ್ತೆ, ಗೆರೆಯ ಅಂಚು ಮಸುಕಾಗುತ್ತೆ. ಬೇಗ ಅನ್ನೋದರಲ್ಲಿ ಬ ಅಕ್ಷರದೊಳಗಿನ ಖಾಲಿ ಜಾಗ, ದೀರ್ಘದ ಸುರುಳಿ, ಇವೆಲ್ಲ ಚೀಟಿ ಅಳತೆಲಿ ಎಷ್ಟಿದಾವೆ ನೋಡು. ಹತ್ತು ವರ್ಷಕ್ಕೆ ಅಲ್ಲೊಂದು ಇರುವೆ ಸಾಲು ಇರುತ್ತೆ ಅಷ್ಟೆ.

ಇನ್ನು ನನ್ನ ಕೆಲಸ. ಚರ್ಮದ ಕ್ಲಿನಿಕ್ ಒಂದರಲ್ಲಿ ಲೇಸರ್ ಮಷಿನ್ ಪಕ್ಕ ನಿಂತು ಡಾಕ್ಟರಿಗೆ ಸಹಾಯ ಮಾಡ್ತೀನಿ, ಒಂಬತ್ತು ವರ್ಷದಿಂದ. ಟ್ಯಾಟೂ ತೆಗೆಸೋಕೆ ಬರೋರಲ್ಲಿ ಎಲ್ಲರೂ ಹೇಳೋದು ಒಂದೇ, "ಬೇಡ ಅಂದ್ರೆ ಲೇಸರ್ ಇದೆಯಲ್ಲ ಅನ್ಕೊಂಡಿದ್ದೆ." ಇದೆ ನಿಜ. ಲೇಸರ್ ತಾಗಿದ ಕ್ಷಣ ಕಪ್ಪು ಗೆರೆ ಬೆಳ್ಳಗೆ ನೊರೆ ಕಟ್ಟಿದ ಹಾಗೆ ಉಬ್ಬುತ್ತೆ, ಕಾಲು ಗಂಟೆಲಿ ಇಳಿಯುತ್ತೆ, ನೋಡಿದ್ರೆ ಗೆರೆ ಅಲ್ಲೇ ಇರುತ್ತೆ. ಲೇಸರ್ ಇಂಕನ್ನ ಪುಡಿ ಮಾಡುತ್ತೆ ಅಷ್ಟೇ, ಪುಡಿಯನ್ನ ಸಾಗಿಸಬೇಕಾದ್ದು ಮೈಯೇ. ಅದಕ್ಕೇ ಒಂದು ಸಿಟ್ಟಿಂಗಿಗೂ ಇನ್ನೊಂದಕ್ಕೂ ಆರೆಂಟು ವಾರ ಬಿಡ್ತಾರೆ. ಎಂಟು ಹತ್ತು ಸಿಟ್ಟಿಂಗ್ ಆಗೋದು ಮಾಮೂಲು. ಕೂಡಿಸಿ ನೋಡು, ಹತ್ತಿರ ಹತ್ತಿರ ಒಂದು ವರ್ಷ, ಇಲ್ಲಾ ಅದಕ್ಕೂ ಮೇಲೆ. ಕಪ್ಪು ಸುಲಭ. ಹಸಿರು, ಆಕಾಶನೀಲಿ, ಹಳದಿ ಹಠಮಾರಿಗಳು. ಬಿಳಿ ಇಂಕಿಗೆ ಲೇಸರ್ ಬಿದ್ರೆ ಅದರಲ್ಲಿರೋ ಟೈಟಾನಿಯಂ ಡೈಆಕ್ಸೈಡ್‌ನಿಂದ ಬೂದು ಇಲ್ಲಾ ಕಪ್ಪಾಗಿಬಿಡಬಹುದು. ನಮ್ಮಂಥ ಕಂದು ಚರ್ಮದಲ್ಲಿ ಇಂಕಿನ ಜೊತೆ ಚರ್ಮದ ಬಣ್ಣವೂ ಹೋಗಿ ಟ್ಯಾಟೂ ಆಕಾರದಲ್ಲೇ ಬಿಳಿಚಿಕೊಂಡ ಮಚ್ಚೆ ಉಳಿಯಬಹುದು. ಅದಕ್ಕೆ ನಮ್ಮಲ್ಲಿ ಹೆಚ್ಚಾಗಿ 1064 ನ್ಯಾನೊಮೀಟರ್ ತರಂಗಾಂತರದ ಲೇಸರೇ ಬಳಸ್ತಾರೆ, ಅಪಾಯ ಕಮ್ಮಿ. ಕಮ್ಮಿ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ.

ಕೆಂಪು ಹೂವು ನನಗಿಷ್ಟ ಆಗ್ಲಿಲ್ಲ. ಅಲರ್ಜಿ ಅಂತ ಬರೋರಲ್ಲಿ ಮುಕ್ಕಾಲು ಪಾಲು ನಾನು ನೋಡಿರೋದು ಕೆಂಪು ಇಂಕಿನವರೇ. ಹಾಕಿಸ್ಕೊಂಡ ವಾರಕ್ಕೇ ಬರುತ್ತೆ ಅಂತಿಲ್ಲ, ಎಷ್ಟೋ ತಿಂಗಳು, ವರ್ಷ ಆದ್ಮೇಲೂ ಕೆಂಪು ಇರೋ ಕಡೆ ಮಾತ್ರ ದಪ್ಪಗೆ ಊದಿ, ತುರಿಸಿ ತುರಿಸಿ ನಿದ್ದೆ ಕೆಡಿಸುತ್ತೆ.

ಮನೆಗೆ ಬಂದು ಹಾಕೋನು ಬೇಡ. ಇದರಲ್ಲಿ ಚರ್ಚೆ ಇಲ್ಲ. ಒಣಗಿದ ರಕ್ತದ ಕಲೆಯಲ್ಲಿ ಲಿವರ್ ಕೆಡಿಸೋ ಹೆಪಟೈಟಿಸ್ ಬಿ ವೈರಸ್ ಏಳು ದಿನ ಜೀವ ಹಿಡ್ಕೊಂಡಿರಬಲ್ಲದು. ಸೂಜಿ ಕುದಿಯೋ ನೀರಲ್ಲಿ ಅದ್ದಿದೀನಿ ಅಂತಾರೆ. ಅದು ಸಾಲಲ್ಲ. ಆಟೊಕ್ಲೇವ್ ಅನ್ನೋ ಆವಿ ಯಂತ್ರದಲ್ಲಿ ಒತ್ತಡ ಹಾಕಿ 121 ಡಿಗ್ರಿಗೆ ಏರಿಸೋದು ಸುಮ್ಮನೆ ಅಲ್ಲ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ಅಂತ ಅಮ್ಮನ್ನ ಕೇಳು, ಇಲ್ಲದಿದ್ರೆ ಮೊದಲು ಅದು.

ಕೊನೇದಾಗಿ, ನೀನು ಹೇಳದೇ ಇರೋದನ್ನ ಕೇಳ್ತೀನಿ. ಹಳೇ ಗಾಯದ ಕಲೆ ಎಲ್ಲಾದ್ರೂ ಉಬ್ಬಿ ನಿಂತಿದೆಯಾ? ಕಿವಿ, ಮೂಗು ಚುಚ್ಚಿಸಿದ ಕಡೆ? ಎದೆ ಮೇಲಿನ ಮೊಡವೆ ಕಲೆ? ದಿನಾ ತಗೊಳ್ಳೋ ಮಾತ್ರೆ ಏನಾದ್ರೂ ಇದೆಯಾ?

*

ಸೂಜಿರಾಜ:

ಅಕ್ಕ ಹೇಳಿದ್ಮೇಲೆ ನಂದೇನು ಅಂತ ಸುಮ್ಮನಿರೋಣ ಅನ್ಕೊಂಡೆ, ಆದ್ರೆ ಇದು ನನ್ನ ಹೊಟ್ಟೆಪಾಡು ನೋಡಿ. ಹನ್ನೊಂದು ವರ್ಷದಿಂದ ಟ್ಯಾಟೂ ಹಾಕ್ತಿದೀನಿ.

ಕೈಬರಹ ಹಾಕೋದು ಖಂಡಿತ ಸಾಧ್ಯ. ಚೀಟೀನ ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದ್ರೂ ಅಪ್ಪನ ಅಕ್ಷರ ಅಪ್ಪನ ಅಕ್ಷರವೇ. ಅಳತೆ ಮುಖ್ಯ ಅಲ್ಲ, ಓರೆ ಮುಖ್ಯ. ನಾನು ಇಟ್ಕೊಂಡಿರೋ ಲೆಕ್ಕ ಇಷ್ಟೇ, ಅಕ್ಷರದೊಳಗಿನ ಅತಿ ಚಿಕ್ಕ ಖಾಲಿ ಜಾಗ ಗೆರೆಯ ದಪ್ಪದ ಮೂರು ಪಟ್ಟಾದ್ರೂ ಇರ್ಬೇಕು. ಇಲ್ಲ ಅಂದ್ರೆ ನಾನು ಸೂಜಿ ಎತ್ತಲ್ಲ. ಗಿರಾಕಿ ಎದ್ದುಹೋದ್ರೂ ಪರವಾಗಿಲ್ಲ.

ಮಣಿಕಟ್ಟಿನಲ್ಲಿ ಕೈ ಮಡಚೋ ಗೆರೆ ಇರುತ್ತಲ್ಲ, ಅದರ ಮೇಲಂತೂ ಬೇಡ. ಅಲ್ಲಿ ಇಂಕ್ ಒಂದೇ ಸಮ ನಿಲ್ಲಲ್ಲ. ಎರಡು ಬೆರಳಗಲ ಮೇಲಕ್ಕೆ, ಮುಂಗೈ ಒಳಗಡೆ ಹೋಗಿ. ಬೆರಳು, ಅಂಗೈ, ಪಾದದ ಅಂಚು ಯಾರೇ ಕೇಳಿದ್ರೂ "ಬೇಗ ಅಳಿಸಿಹೋಗುತ್ತೆ" ಅಂತ ಹೇಳೇ ಶುರು ಮಾಡ್ತೀನಿ.

ಸ್ಟೆನ್ಸಿಲ್ ಅಂಟಿಸಿದ್ಮೇಲೆ ಎದ್ದು ನಿಂತು, ಕೈ ಇಳಿಬಿಟ್ಟು ನೋಡಿ. ಮಲಗಿದಾಗ ನೇರ ಇರೋ ಸಾಲು ನಿಂತಾಗ ಸೊಟ್ಟ ಆಗುತ್ತೆ, ಮುಂಗೈ ತಿರುಗಿದ ಹಾಗೆ ಚರ್ಮವೂ ತಿರುಗುತ್ತೆ. ಕನ್ನಡಿಲಿ ಓದಬೇಡಿ, ಉಲ್ಟಾ ಕಾಣುತ್ತೆ. ಫೋಟೋ ತೆಗೆದು ಮನೇಲಿರೋರಿಗೆ ಕಳಿಸಿ, ಅವರು ಗಟ್ಟಿಯಾಗಿ ಓದಿ ಹೇಳಲಿ. ದೈರ್ಯಕ್ಕನ ಹತ್ರ ಆಗ ಫೋಟೋ ಕಳಿಸೋ ಫೋನ್ ಇದ್ದಿದ್ರೆ ಈ ಹೆಸರೇ ಇರ್ತಿರ್ಲಿಲ್ಲ.

ಸ್ಟುಡಿಯೋಲಿ ನೆಲ ಥಳಥಳ ಅನ್ನೋದನ್ನ ನೋಡ್ಬೇಡಿ. ಸೂಜಿಯ ಪೊಟ್ಟಣ ನಿಮ್ಮೆದುರಿಗೇ ಒಡೀತಾರಾ, ಅದರ ಮೇಲೆ ಅವಧಿ ಮುಗಿಯೋ ತಾರೀಖು ಇದೆಯಾ, ಇಂಕನ್ನ ಸಣ್ಣ ಬಟ್ಟಲಿಗೆ ಹೊಸದಾಗಿ ಸುರೀತಾರಾ, ಗ್ಲೌಸ್ ಹಾಕಿದ ಕೈಯಲ್ಲೇ ಫೋನ್ ಎತ್ತಿ ಮತ್ತೆ ನಿಮ್ಮ ಕೈ ಮುಟ್ತಾರಾ, ಇದನ್ನ ನೋಡಿ. ಬಾಟಲಿ ಹೆಸರು, ಬ್ಯಾಚ್ ನಂಬರ್ ಫೋಟೋ ತಗೊಳ್ಳಿ, ನಾನಂತೂ ಖುಷಿಯಿಂದ ಕೊಡ್ತೀನಿ. ಯಾಕಂದ್ರೆ ತಪ್ಪು ಹಾಕೋನದ್ದೇ ಆಗ್ಬೇಕಿಲ್ಲ. 2011ರ ಕೊನೆಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹತ್ತೊಂಬತ್ತು ಜನಕ್ಕೆ ಟ್ಯಾಟೂ ಮೇಲೆ ಗುಳ್ಳೆ ಎದ್ದವು. ಹುಡುಕಿದ್ರೆ, ತಯಾರಿಸುವಾಗಲೇ ತೆಳು ಮಾಡಿದ್ದ ಬೂದು ಇಂಕಿನಲ್ಲೇ ಬ್ಯಾಕ್ಟೀರಿಯಾ. ಯುರೋಪಿಯನ್ ಒಕ್ಕೂಟದಲ್ಲಿ 2022ರ ಜನವರಿಯಿಂದ ಟ್ಯಾಟೂ ಇಂಕಿನಲ್ಲಿ 4000ಕ್ಕೂ ಹೆಚ್ಚು ರಾಸಾಯನಿಕಗಳಿಗೆ ನಿರ್ಬಂಧ ಇದೆ. ಆ ನಿಯಮಕ್ಕೆ ಹೊಂದೋ ಇಂಕ್ ಇದೆಯಾ ಅಂತ ಕೇಳೋದ್ರಲ್ಲಿ ಸಂಕೋಚ ಬೇಡ.

ಆಮೇಲೆ, ಹುಟ್ಟುಹಬ್ಬ, ಪ್ರವಾಸ, ಈಜು ಏನಿದ್ರೂ ಎರಡು ಮೂರು ವಾರ ದೂರ ಇಟ್ಕೊಳ್ಳಿ. ಹೊಸ ಟ್ಯಾಟೂ ಅಂದ್ರೆ ತೆರೆದ ಗಾಯ. ನೀರಲ್ಲಿ ನೆನೆಸೋ ಹಾಗಿಲ್ಲ, ಬಿಸಿಲಿಗೆ ಹಿಡಿಯೋ ಹಾಗಿಲ್ಲ, ಸಿಪ್ಪೆ ಎದ್ದಾಗ ಕೀಳೋ ಹಾಗಿಲ್ಲ.

*

ಒಣಎಲೆ:

ಒಂದೇ ಒಂದು ಮಾತು ಸೇರಿಸ್ತೀನಿ. ನನಗೆ ಸೋರಿಯಾಸಿಸ್ ಇದೆ, ಮೊಣಕೈಯಲ್ಲಿ ಮಾತ್ರ ಇತ್ತು. ಭುಜದ ಮೇಲೆ ಬಳ್ಳಿ ಹಾಕಿಸ್ಕೊಂಡೆ. ಎರಡು ವಾರಕ್ಕೆ ಆ ಬಳ್ಳಿಯ ಗೆರೆ ಹಿಡಿದುಕೊಂಡೇ ಹೊಟ್ಟು ಏಳೋಕೆ ಶುರುವಾಯ್ತು, ಎಲೆ ಎಲೆಗೂ. ಚರ್ಮಕ್ಕೆ ಗಾಯ ಆದ ಕಡೆಯೇ ಕಾಯಿಲೆ ಎದ್ದುಬರೋದಕ್ಕೆ ಕೋಬ್ನರ್ ಅಂತ ಹೆಸರು, ಹತ್ತೊಂಬತ್ತನೇ ಶತಮಾನದ ಜರ್ಮನ್ ಡಾಕ್ಟರದು. ನನಗೆ ಗೊತ್ತಾಗಿದ್ದು ಆಮೇಲೆ. ಹಾಕಿದವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

*

ಹಳೇಮೇಷ್ಟ್ರು:

ಟ್ಯಾಟೂ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು, ಅಕ್ಷರದ ವಿಷಯ ಅಂತ ಇಣುಕಿದೆ. ದೈರ್ಯಲಕ್ಷ್ಮಿಯವರನ್ನು ಮೊದಲು ತಿದ್ದಲು ಹೋದವನು ನಾನೇ, ಕ್ಷಮೆ ಇರಲಿ.

ಮಗೂ, ತಪ್ಪು ತಿಳಿಯಬೇಡ. ನಿನ್ನ ಚೀಟಿಯ ಸಂದರ್ಭ ನಿನಗೆ ಗೊತ್ತು. ನಿನ್ನ ಕೈ ನೋಡುವವರಿಗೆ ಗೊತ್ತಿಲ್ಲ. "ಇದು ಯಾರ ಅಕ್ಷರ" ಎಂದು ಕೇಳುತ್ತಾರೆ. "ತೀರಿಕೊಂಡ ನಮ್ಮಪ್ಪನದು" ಎನ್ನುತ್ತೀಯ. ಆಮೇಲೆ ಅವರು ಓದುವುದು "ಬೇಗ ಬಾ" ಎಂದು. ಹೋದವರು ಕರೆದ ಹಾಗೆ ಕೇಳಿಸುವುದಿಲ್ಲವೇ? ನಿನಗೆ ಏನೂ ಅನ್ನಿಸದಿದ್ದರೂ ಮನೆಯಲ್ಲಿ ನಿಮ್ಮ ತಾಯಿ ದಿನವೂ ಅದನ್ನು ಓದಬೇಕಲ್ಲ.

*

ನೀಲಿಪೆನ್ನು:

ಮೇಷ್ಟ್ರೇ, ನಿಮ್ಮ ಮಾತು ಓದಿ ಐದು ನಿಮಿಷ ಫೋನ್ ಕೆಳಗಿಟ್ಟು ಕೂತಿದ್ದೆ. ಒಂದೂವರೆ ವರ್ಷದಿಂದ ಆ ಚೀಟಿ ನೋಡ್ತಿದೀನಿ, ಒಂದು ಸಲಾನೂ ಹಾಗೆ ಓದಿಲ್ಲ. ಈಗ ಬೇರೆ ಥರ ಓದೋಕೇ ಆಗ್ತಿಲ್ಲ.

ಭಾನುವಾರದ್ದು ಬೇಡ ಅಂತ ಹೇಳಿಬಿಟ್ಟೆ. ಗೆಳತಿಗೆ ಸ್ವಲ್ಪ ಬೇಜಾರು. "ಅಷ್ಟೆಲ್ಲ ಯೋಚನೆ ಮಾಡಿದ್ರೆ ಯಾರೂ ಟ್ಯಾಟೂ ಹಾಕಿಸ್ಕೊಳ್ಳಲ್ಲ" ಅಂತಾಳೆ.

ದೈರ್ಯಕ್ಕಾ, ಸೋರಿಯಾಸಿಸ್ ಇಲ್ಲ, ಮಾತ್ರೆ ಇಲ್ಲ, ಲಸಿಕೆ ಚಿಕ್ಕವಳಿದ್ದಾಗಲೇ ಆಗಿದೆ. ಆದ್ರೆ ಬಲಗಿವಿ ಮೇಲಂಚಿಗೆ ಹತ್ತೊಂಬತ್ತನೇ ವಯಸ್ಸಲ್ಲಿ ಚುಚ್ಚಿಸಿದ್ದೆ, ಹಿಂದೆ ಮೆಣಸಿನ ಕಾಳಿನಷ್ಟು ಗಂಟು ಆಗಿದೆ. ನೋವಿಲ್ಲ. ಕೂದಲಲ್ಲಿ ಮುಚ್ಚಿಹೋಗುತ್ತೆ ಅಂತ ಮರೆತೇ ಹೋಗಿತ್ತು. ಅದೂ ಲೆಕ್ಕಕ್ಕೆ ಬರುತ್ತಾ?

ಇನ್ನೊಂದು, ನಾನು ವರ್ಷಕ್ಕೆರಡು ಸಲ ರಕ್ತ ಕೊಡ್ತೀನಿ. ಅದು ನಿಲ್ಲಿಸ್ಬೇಕಾ?

*

ದೈರ್ಯಲಕ್ಷ್ಮಿ:

ಲೆಕ್ಕಕ್ಕೆ ಬರೋದು ಅದೊಂದೇ ಅನ್ನು ಬೇಕಾದ್ರೆ!

ಗಾಯ ಮಾಗುವಾಗ ಕೆಲವರ ಚರ್ಮಕ್ಕೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ. ಉಬ್ಬಿದ ಕಲೆ ಗಾಯದ ಅಂಚಿನೊಳಗೇ ಇದ್ರೆ ಒಂದು ಥರ, ಕಾಲ ಕಳೆದ ಹಾಗೆ ಚಪ್ಪಟೆ ಆಗಬಹುದು. ಗಾಯದ ಅಂಚು ದಾಟಿ ಆಚೆ ಬೆಳೀತಾ ಹೋದ್ರೆ ಕೀಲಾಯ್ಡ್. ಕಂದು, ಕಪ್ಪು ಚರ್ಮದವರಲ್ಲಿ ಇದು ಜಾಸ್ತಿ. ಕಿವಿ, ಎದೆ, ಭುಜ ಅದಕ್ಕೆ ಪ್ರಿಯವಾದ ಜಾಗ. ಕೀಲಾಯ್ಡ್ ಆಗೋ ಚರ್ಮಕ್ಕೆ ಟ್ಯಾಟೂ ಹಾಕಿದ್ರೆ ಅಕ್ಷರಗಳೇ ಹಗ್ಗದ ಹಾಗೆ ಎದ್ದು ನಿಲ್ಲಬಹುದು. ಒಬ್ಬ ಹುಡುಗನ ಎದೆ ಮೇಲೆ ನೋಡಿದೀನಿ, ಕಣ್ಣು ಮುಚ್ಚಿ ಬೆರಳಲ್ಲೇ ಓದಬಹುದಿತ್ತು. ಅದಕ್ಕೆ ಲೇಸರೂ ಹೊಡೆಯೋ ಹಾಗಿಲ್ಲ, ಅದೂ ಒಂದು ಗಾಯವೇ ಅಲ್ವಾ.

ಗಂಟಿನ ಫೋಟೋ ಇಲ್ಲಿ ಹಾಕ್ಬೇಡ. ಇಲ್ಲಿರೋ ಯಾರೂ, ನಾನೂ ಸೇರಿ, ಫೋಟೋ ನೋಡಿ ಹೇಳೋ ವಿಷಯ ಅಲ್ಲ. ಚರ್ಮದ ಡಾಕ್ಟರು ಮುಟ್ಟಿ ನೋಡಲಿ.

ರಕ್ತ ಕೊಡೋದು ನಿಲ್ಲಿಸ್ಬೇಕಿಲ್ಲ, ಮುಂದಕ್ಕೆ ಹಾಕ್ಬೇಕು. ಎಷ್ಟು ದಿನ ಅನ್ನೋದು ಒಂದೊಂದು ದೇಶದಲ್ಲಿ ಒಂದೊಂದು ಥರ, ಕೆಲವು ಕಡೆ ಮೂರ್ನಾಲ್ಕು ತಿಂಗಳು, ಕೆಲವು ಕಡೆ ಒಂದು ವರ್ಷ. ನೀನು ಕೊಡೋ ಕಡೆ ಕೇಳು. ಬುದ್ಧಿವಂತರು ರಕ್ತ ಕೊಟ್ಟು ಕೆಲ ದಿನ ಬಿಟ್ಟು ಟ್ಯಾಟೂ ಹಾಕಿಸ್ಕೋತಾರೆ.

ಗೆಳತಿ ಹೇಳಿದ್ದೂ ಸುಳ್ಳಲ್ಲ ಅನ್ನು. ಎಲ್ಲ ತಿಳ್ಕೊಂಡೂ ನನಗೆ ಈಗಲೂ ಬಲಗೈ ಖಾಲಿ ಇದೆಯಲ್ಲ ಅನ್ಸುತ್ತೆ.

*

ನೀಲಿಪೆನ್ನು:

ಒಂದು ತಿಂಗಳ ಮೇಲೆ ಬರ್ತಿದೀನಿ, ಬೈಬೇಡಿ.

ಡಾಕ್ಟರಿಗೆ ತೋರಿಸಿದೆ. ಕಿವಿ ಬಗ್ಗಿಸಿ, ಬೆಳಕು ಬಿಟ್ಟು ನೋಡಿ, ಐದು ವರ್ಷದಿಂದ ಬೆಳೆದಿದೆಯಾ ಅಂತ ಎರಡೆರಡು ಸಲ ಕೇಳಿದ್ರು. ಗಾಯದ ಅಂಚು ದಾಟಿಲ್ಲ, ಕೀಲಾಯ್ಡ್ ಥರ ಕಾಣಲ್ಲ ಅಂದ್ರು. ಆದ್ರೂ ಪೂರ್ತಿ ಹಾಕಿಸೋ ಮೊದಲು ಅದೇ ಜಾಗದಲ್ಲಿ, ಅದೇ ಇಂಕಲ್ಲಿ ಒಂದೇ ಒಂದು ಚುಕ್ಕೆ ಹಾಕಿಸ್ಕೊಂಡು ಮೂರು ತಿಂಗಳಾದ್ರೂ ಕಾಯಿರಿ, ಆರು ಕಾದ್ರೆ ಇನ್ನೂ ಒಳ್ಳೇದು, ಚುಕ್ಕೆ ಉಬ್ಬಲ್ಲ ಅಂದ್ರೆ ಆಮೇಲೂ ಉಬ್ಬಲ್ಲ ಅನ್ನೋ ಗ್ಯಾರಂಟಿ ಇಲ್ಲ, ಉಬ್ಬಿದ್ರೆ ಮಾತ್ರ ಅಲ್ಲಿಗೇ ನಿಲ್ಲಿಸಿ ಅಂದ್ರು.

ಚೀಟೀನ ಅಮ್ಮನಿಗೆ ತೋರಿಸಿದೆ. ಅದು ನನ್ನ ಹತ್ರ ಇರೋದೇ ಅವಳಿಗೆ ಗೊತ್ತಿರ್ಲಿಲ್ಲ. ತುಂಬ ಹೊತ್ತು ಹಿಡ್ಕೊಂಡಿದ್ದು "ಬೇಗ ಬಾ ಎಲ್ಲರೂ ಅಂತಾರೆ. ಬೀಗದಕೈ ಪಕ್ಕದ ಮನೇಲಿದೆ ಅನ್ನೋದೇ ನಿಮ್ಮಪ್ಪ" ಅಂದ್ಲು. ಹೌದಲ್ವಾ. ಇಡೀ ಬಾಲ್ಯ ಆ ಒಂದೇ ಮಾತು ಕೇಳಿದೀನಿ. ಈಗ ಅದೇ ಹಾಕಿಸೋದು ಅಂತ ಆಗಿದೆ, ಹೂವಿಲ್ಲದೆ. ಸೂಜಿರಾಜಣ್ಣ, ಕ್ಕ ಅಡಿಯ ಒತ್ತು ಚೀಟಿಲಿ ಅಕ್ಕಿಕಾಳಿನ ತುದಿಯಷ್ಟಿದೆ. ಎಷ್ಟು ಪಟ್ಟು ದೊಡ್ಡದು ಮಾಡಿಸ್ಬೇಕು?

*

ಸೂಜಿರಾಜ:

ಚೀಟಿ ಪಕ್ಕ ಒಂದು ಸ್ಕೇಲ್ ಇಟ್ಟು ನೇರ ಮೇಲಿಂದ ಫೋಟೋ ತೆಗೀರಿ, ಲೆಕ್ಕ ಹಾಕಿ ಹೇಳ್ತೀನಿ. ಹೇಗಿದ್ರೂ ಒಂದು ಸಾಲಲ್ಲಿ ಹಿಡಿಯಲ್ಲ. ಬೀಗದಕೈ ಮೇಲೊಂದು ಸಾಲು, ಉಳಿದದ್ದು ಕೆಳಗೆ. ಎರಡು ಸಾಲಿನ ನಡುವೆ ಬೀಗದಕೈಯ ಐತ್ವಕ್ಕೆ ಜಾಗ ಬಿಡ್ಬೇಕು, ಕನ್ನಡ ತಿಳಿಯದೋರು ಅಲ್ಲೇ ಎಡವೋದು. ಚುಕ್ಕೆ ಹಾಕಿಸಿದ್ರಾ?

*

ನೀಲಿಪೆನ್ನು:

ಹಾಕಿಸ್ದೆ. ಎಲ್ಲಿ ಅಂತ ಕೇಳಿದ್ರು. ಚೀಟಿಯ ಪ್ರಿಂಟನ್ನ ಮುಂಗೈ ಮೇಲಿಟ್ಟು, ಮನೇಲಿದೆ ಆದ್ಮೇಲೆ ಬರೋ ಅಪ್ಪನ ಪೂರ್ಣವಿರಾಮ ಎಲ್ಲಿ ಬೀಳುತ್ತೋ ಅಲ್ಲೇ ಅಂದೆ. ಅರ್ಧ ನಿಮಿಷವೂ ಹಿಡೀಲಿಲ್ಲ, ಪೊಟ್ಟಣ ಒಡೆಯೋಕೇ ಅದಕ್ಕಿಂತ ಜಾಸ್ತಿ ಹೊತ್ತಾಯ್ತು. ಬ್ಯಾಚ್ ನಂಬರಿನ ಫೋಟೋ ತಗೊಂಡಿದೀನಿ.

ಇವತ್ತಿಗೆ ಆರನೇ ದಿನ. ಸ್ವಲ್ಪ ತುರಿಕೆ. ಕೆರೆದಿಲ್ಲ.